ಬಸೋಹ್ಲಿ ಚಿತ್ರಗಳ ಹಳದಿ ಮತ್ತು ಹಸಿರು: ಒಂದು ವಿಮರ್ಶೆ

1

ಭಾರತೀಯ ಚಿತ್ರಕಲೆಯ ಚರಿತ್ರೆಯನ್ನು ಬರೆದವರಲ್ಲಿ ಬಸೋಹ್ಲಿಯ ಹೆಸರನ್ನೆತ್ತಿದೊಡನೆ ಬಣ್ಣದ ಮಾತನ್ನೂ ಎತ್ತದವರು ವಿರಳ. ಉಜ್ಜ್ವಲವಾದ ಹಳದಿಯ ನೆಲ, ಆ ನೆಲದ ಮೇಲೆ ಕಡು ಹಸಿರಿನ ಮರಗಳು, ಸುತ್ತಲೂ ಕೆಂಪಿನ ಅಂಚು ಎಂದು ಇಷ್ಟನ್ನು ಹೇಳಿ, ಅದಕ್ಕೆ ಒಂದೆರಡು ವಿಶೇಷಣಗಳನ್ನು ಸೇರಿಸಿ ಮುಂದಿನ ವಿಷಯಕ್ಕೆ ಹೋಗುವುದು ವಾಡಿಕೆಯಾಗಿದೆ. ಆ ವಿಶೇಷಣಗಳಲ್ಲಿ ಎರಡು ಬಗೆಗಳುಂಟು. ಒಂದು ಪಕ್ಷದವರು ಈ ಬಣ್ಣಗಳನ್ನು ಒರಟೆಂದೂ ಆದಿಮವೆಂದೂ ಕರೆದು, ಮುಂದೆ ಕಾಂಗ್ರಾದಲ್ಲಿ ಪಕ್ವವಾಗಲಿದ್ದ ಕಲೆಯ ಹೀಚುಗಾಯಿ ಇದೆಂದು ತೀರ್ಮಾನಿಸುತ್ತಾರೆ. ಇನ್ನೊಂದು ಪಕ್ಷದವರು ಒಂದೊಂದು ಬಣ್ಣಕ್ಕೂ ಒಂದೊಂದು ಅರ್ಥವನ್ನು ಗೊತ್ತುಮಾಡಿ, ಹಳದಿಯೆಂದರೆ ವಸಂತ, ನೀಲಿಯೆಂದರೆ ಕೃಷ್ಣ, ಕೆಂಪೆಂದರೆ ಮನ್ಮಥ ಎಂದು ನಿಘಂಟನ್ನು ತಿರುವುವಂತೆ ಚಿತ್ರವನ್ನು ಓದುತ್ತಾರೆ. ಈ ಎರಡು ವಿಧಾನಗಳಲ್ಲಿಯೂ ಚಿತ್ರವನ್ನು ನೋಡುವ ಕೆಲಸ ಅರ್ಧಕ್ಕೇ ನಿಂತುಹೋಗುತ್ತದೆಂದು ನಮಗೆ ತೋರುತ್ತದೆ.

ಬಸೋಹ್ಲಿಯ ಹಳದಿಯೂ ಹಸಿರೂ ಚಿತ್ರದ ರಚನೆಯಲ್ಲಿ ಒಂದೊಂದು ಗೊತ್ತಾದ ಕೆಲಸವನ್ನು ನಿರ್ವಹಿಸುತ್ತವೆ. ಆ ಕೆಲಸವನ್ನು ತಿಳಿಯಬೇಕಾದರೆ ಬಣ್ಣದ ದ್ರವ್ಯ, ಅದರ ಪ್ರಮಾಣ, ಅದನ್ನು ನೋಡುತ್ತಿದ್ದ ರೀತಿ ಈ ಮೂರನ್ನೂ ಒಟ್ಟಿಗೆ ಪರಿಶೀಲಿಸಬೇಕು. ಇದೇ ಪ್ರಸ್ತುತ ಲೇಖನದಲ್ಲಿ ನಾವು ಪ್ರತಿಪಾದಿಸಹೊರಟಿರುವ ವಿಷಯ. ಇತಿಹಾಸದ ಅಭ್ಯಾಸಿಗಳಿಗೆ ಬಣ್ಣದ ಗೊಡವೆ ಏಕೆ ಎಂದು ಕೇಳುವವರಿರಬಹುದು. ಶಾಸನದ ಅಕ್ಷರ ಹೇಗೆ ಸಾಕ್ಷ್ಯವೋ ಹಾಗೆಯೇ ಚಿತ್ರದ ಬಣ್ಣವೂ ಸಾಕ್ಷ್ಯ. ಅಕ್ಷರವನ್ನು ತಪ್ಪಾಗಿ ಓದಿದರೆ ರಾಜನ ಕಾಲ ತಪ್ಪುತ್ತದೆ. ಬಣ್ಣವನ್ನು ತಪ್ಪಾಗಿ ಓದಿದರೆ ಒಂದು ಕಲೆಯ ಬೆಳೆವಣಿಗೆಯ ಕಥೆಯೇ ತಪ್ಪುತ್ತದೆ. ಬಸೋಹ್ಲಿಯ ವಿಷಯದಲ್ಲಿ ಹೀಗೆ ಆಗಿದೆಯೆಂಬುದನ್ನು ಮುಂದೆ ತೋರಿಸುವೆವು.

2

ಬಸೋಹ್ಲಿಯು ರಾವಿ ನದಿಯ ದಂಡೆಯ ಮೇಲಿದ್ದ ಒಂದು ಸಣ್ಣ ಗುಡ್ಡಗಾಡು ಸಂಸ್ಥಾನ. ಈಗ ಜಮ್ಮು ಪ್ರಾಂತದ ಕಠುವಾ ಜಿಲ್ಲೆಗೆ ಸೇರಿದೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ಕೃಪಾಲ್ ಪಾಲನ ಕಾಲಕ್ಕೆ ಈ ಚಿತ್ರಕಲೆ ತನ್ನ ಪೂರ್ಣಸ್ವರೂಪವನ್ನು ಪಡೆಯಿತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು (1673–1704) ಆಳುತ್ತಿದ್ದ ಕಾಲವೂ ಸರಿಸುಮಾರಾಗಿ ಇದೇ ಎಂಬುದನ್ನು ನೆನೆದರೆ ಕನ್ನಡ ವಾಚಕರಿಗೆ ಕಾಲದ ಅಂದಾಜು ಸುಲಭವಾಗಿ ಸಿಕ್ಕೀತು.

ಈ ಶೈಲಿಯ ಅತ್ಯಂತ ಪ್ರಸಿದ್ಧ ಚಿತ್ರಗಳು ಭಾನುದತ್ತನ 'ರಸಮಂಜರಿ'ಗೆ ಬರೆದವು. ಇದು ನಾಯಕ ನಾಯಿಕೆಯರ ಭೇದಗಳನ್ನು ವಿವರಿಸುವ ಸಂಸ್ಕೃತ ಲಕ್ಷಣಗ್ರಂಥ. ಕನ್ನಡದಲ್ಲಿ ಹದಿನಾರನೆಯ ಶತಮಾನದ ಸಾಳ್ವನ 'ರಸರತ್ನಾಕರ'ವನ್ನು ಓದಿದವರಿಗೆ ಈ ಬಗೆಯ ವರ್ಗೀಕರಣದ ಪರಿಚಯವಿದ್ದೇ ಇದೆ. ರಸಮಂಜರಿಯ ಮೊದಲ ಚಿತ್ರಮಾಲೆಯನ್ನು ಸುಮಾರು 1660–70ಕ್ಕೆ ಸೇರಿಸುತ್ತಾರೆ. ದೇವೀದಾಸನೆಂಬ ಚಿತ್ರಕಾರನು ಕೃಪಾಲ್ ಪಾಲನಿಗಾಗಿ ಬರೆದ ಮಾಲೆಯ ಕೊನೆಯಲ್ಲಿ ವಿಕ್ರಮ ಸಂವತ್ 1752 ಎಂಬ ಕಾಲನಿರ್ದೇಶವಿದೆ. ಅಂದರೆ ಕ್ರಿಸ್ತಶಕ 1695ರ ಸುಮಾರು. ಊರಿನ ಹೆಸರನ್ನು ಅಲ್ಲಿ 'ವಿಶ್ವಸ್ಥಲೀ' ಎಂದು ಸಂಸ್ಕೃತೀಕರಿಸಿ ಬರೆದಿದೆ. ಇದೇ ಕಾಲದ ಆಸುಪಾಸಿನ ಇನ್ನೊಂದು ಮುಖ್ಯ ಮಾಲೆ ದೇವಿಯ ನಾನಾ ರೂಪಗಳನ್ನು ಚಿತ್ರಿಸುವುದು. ವಿದ್ವಾಂಸರು ಇದನ್ನು 'ತಾಂತ್ರಿಕ ದೇವೀಮಾಲೆ' ಎಂದು ಕರೆಯುತ್ತಾರೆ.

ಈ ಚಿತ್ರಗಳು ವಿದ್ವತ್ಪ್ರಪಂಚಕ್ಕೆ ತಿಳಿದುಬಂದ ಬಗೆಯೂ ಗಮನಾರ್ಹವಾಗಿದೆ. 1916ರಲ್ಲಿ ಪ್ರಕಟವಾದ 'ರಾಜಪೂತ್ ಪೇಂಟಿಂಗ್' ಗ್ರಂಥದಲ್ಲಿ ಡಾ. ಆನಂದ ಕುಮಾರಸ್ವಾಮಿಯವರು ಇವನ್ನು ಜಮ್ಮು ಶೈಲಿಯೊಳಗೆ ಸೇರಿಸಿದ್ದರು. 1918–19ರ ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಯಲ್ಲಿ ಲಾಹೋರಿನ ವಸ್ತುಸಂಗ್ರಹಾಲಯವು ಬಸೋಹ್ಲಿ ಶೈಲಿಯ ಕೆಲವು ಚಿತ್ರಗಳನ್ನು ಕೊಂಡ ಸಂಗತಿ ಬರುತ್ತದೆ. ಅದುವರೆಗೆ ವ್ಯಾಪಾರಿಗಳು ಇಂಥ ಚಿತ್ರಗಳನ್ನು 'ತಿಬೇಟಿ' ಎಂಬ ಹೆಸರಿನಿಂದ ಮಾರುತ್ತಿದ್ದರು. ಕಣ್ಣು ಕೋರೈಸುವ ಈ ಬಣ್ಣಗಳು ನಮ್ಮವಾಗಿರಲಾರವು, ಹಿಮಾಲಯದ ಆಚೆಯಿಂದ ಬಂದಿರಬೇಕು ಎಂಬ ಭಾವನೆ ಆ ಹೆಸರಿನ ಹಿಂದೆ ಇದ್ದಿತೆಂದು ಊಹಿಸಿದರೆ ತಪ್ಪಾಗಲಾರದು. 1929ರಲ್ಲಿ ಶ್ರೀ ಅಜಿತ ಘೋಷರು 'ರೂಪಂ' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಬಸೋಹ್ಲಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಶ್ರೀ ಎಂ. ಎಸ್. ರಾಂಧಾವಾ ಅವರ 'ಬಸೋಹ್ಲಿ ಪೇಂಟಿಂಗ್' 1959ರಲ್ಲಿಯೂ, ಶ್ರೀ ಡಬ್ಲ್ಯು. ಜಿ. ಆರ್ಚರ್ ಅವರ ಎರಡು ಸಂಪುಟಗಳ ಬೃಹದ್ಗ್ರಂಥ 1973ರಲ್ಲಿಯೂ ಹೊರಬಂದುವು. ಈ ಪ್ರಾಜ್ಞರ ಶ್ರಮವಿಲ್ಲದಿದ್ದರೆ ನಾವು ಇಂದು ಈ ವಿಷಯವನ್ನು ಚರ್ಚಿಸುವುದೇ ಸಾಧ್ಯವಾಗುತ್ತಿರಲಿಲ್ಲ. ಆದರೂ ಅವರಿಂದ ನಮಗೆ ಬಂದ ಬಣ್ಣದ ವಿವರಣೆಯನ್ನು ಮರುಪರೀಕ್ಷೆಗೆ ಒಡ್ಡಬೇಕಾಗಿದೆ.

3

ಮೊದಲು ದ್ರವ್ಯದ ವಿಚಾರ. ಪಹಾಡಿ ಚಿತ್ರಕಾರರು ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪಮಾಡಿಕೊಂಡು, ಅದರ ಮೇಲೆ ಬಿಳಿಯ ಲೇಪವನ್ನು ಕೊಟ್ಟು, ಗೋಂದಿನಲ್ಲಿ ಕಲಸಿದ ಬಣ್ಣಗಳನ್ನು ಪದರಪದರವಾಗಿ ಹಚ್ಚುತ್ತಿದ್ದರು. ನಡುನಡುವೆ ಹಾಳೆಯನ್ನು ಬೋರಲು ಹಾಕಿ ಬೆನ್ನಿನ ಕಡೆಯಿಂದ ನುಣುಪಾದ ಕಲ್ಲಿನಿಂದ ತೀಡುತ್ತಿದ್ದರು. ಬಸೋಹ್ಲಿಯ ನೆಲಕ್ಕೆ ಮೀನಾಕಾರಿಯ ಕೆಲಸದಂತೆ ಒಂದು ಗಟ್ಟಿ ಹೊಳಪು ಬರುವುದಕ್ಕೆ ಇದು ಕಾರಣ. ಆದ್ದರಿಂದ ಇಲ್ಲಿ 'ಹಳದಿ' ಎಂದರೆ ನೀರುನೀರಾಗಿ ಬಳಿದ ತೆಳುವರ್ಣವೆಂದು ತಿಳಿಯಬಾರದು. ಕಾಗದವನ್ನು ಪೂರ್ತಿ ಮುಚ್ಚಿಬಿಡುವ ಘನವಾದ ಲೇಪವದು.

ಆ ಕಾಲದ ಚಿತ್ರಕಾರನಿಗೆ ಹಳದಿಯನ್ನು ಕೊಡುವ ದ್ರವ್ಯಗಳು ಹಲವು ಇದ್ದುವು. ಮಣ್ಣಿನಿಂದ ತೆಗೆದ ಹಳದಿ ಮಂಕಾದುದು. ಗಂಧಕ ಪಾಷಾಣಗಳ ಸಂಯೋಗವಾದ ಹರಿತಾಳ, ನಮ್ಮ ನುಡಿಯ ಅರಿದಾಳ, ಚಿನ್ನದ ಕಾಂತಿಯುಳ್ಳದ್ದು, ವಿಷಪೂರಿತವಾದದ್ದು. ಮೂರನೆಯದು 'ಪಿಯೂರಿ' ಅಥವಾ 'ಗೋಗುಲಿ'. ಇದರ ತಯಾರಿಕೆಯನ್ನು ಕುರಿತು ಶ್ರೀ ತ್ರೈಲೋಕ್ಯನಾಥ ಮುಖರ್ಜಿಯವರು 1883ರಲ್ಲಿ ಬರೆದ ವಿವರಣೆ ಪ್ರಸಿದ್ಧವಾಗಿದೆ. ಬಿಹಾರದ ಮುಂಗೇರಿಗೆ ಸಮೀಪದ ಮಿರ್ಜಾಪುರವೆಂಬ ಹಳ್ಳಿಯಲ್ಲಿ ಹಸುಗಳಿಗೆ ಮಾವಿನ ಎಲೆಯನ್ನು ತಿನ್ನಿಸಿ, ಅವುಗಳ ಗಂಜಳವನ್ನು ಕಾಯಿಸಿ, ತಳದಲ್ಲಿ ನಿಂತ ಗಷ್ಟನ್ನು ಉಂಡೆಗಟ್ಟುತ್ತಿದ್ದರೆಂದು ಅವರು ವರದಿಮಾಡಿದರು. ಇದು ಕಟ್ಟುಕಥೆಯೆಂದು ಬಹುಕಾಲ ಸಂದೇಹಪಟ್ಟವರಿದ್ದರು. ಮುಖರ್ಜಿಯವರ ಕಾಲದ ಮಾದರಿಗಳು ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ಉಳಿದಿದ್ದು, ಅವುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ರಾಸಾಯನಿಕ ಪರೀಕ್ಷೆ ಅವರ ಹೇಳಿಕೆಗೆ ಬೆಂಬಲವನ್ನು ಕೊಟ್ಟಿದೆ.

ಹಸಿರಿನ ಸಂಗತಿ ಇದಕ್ಕಿಂತ ತೊಡಕಿನದು. ನೀಲಿ ಹಳದಿಗಳು ಕೂಡಿದರೆ ಹಸಿರಾಗುವುದೆಂದು ಭರತನ ನಾಟ್ಯಶಾಸ್ತ್ರವೇ ಹೇಳುತ್ತದೆ. ನೀಲಿಗಿಡದ ಬಣ್ಣವನ್ನೂ ಹಳದಿಯನ್ನೂ ಬೆರಸಿ ಹಸಿರನ್ನು ಮಾಡಿಕೊಳ್ಳುವುದು ನಮ್ಮ ದೇಶದ ಚಿತ್ರಕಾರರ ಹಳೆಯ ಪದ್ಧತಿ. ತಾಮ್ರದ ಕಿಲುಬಿನಿಂದ ತೆಗೆದ ಹಸಿರು ಹೆಚ್ಚು ಪ್ರಕಾಶಮಾನವಾದುದು. ಆದರೆ ಕಾಲಕ್ರಮದಲ್ಲಿ ಅದು ಕಾಗದವನ್ನೇ ತಿಂದು ಕಂದಿಸುತ್ತದೆ. ಈ ಎರಡರ ಜೊತೆಗೆ ಬಸೋಹ್ಲಿಯ ಚಿತ್ರಕಾರನು ಮೂರನೆಯ ಹಸಿರೊಂದನ್ನು ಕಂಡುಕೊಂಡನು. ಮಿರುಗುವ ಜೀರುಂಡೆಯ ಗಟ್ಟಿಯಾದ ಮೇಲ್ರೆಕ್ಕೆಯನ್ನು ಸಣ್ಣಸಣ್ಣ ತುಂಡುಗಳಾಗಿ ಕತ್ತರಿಸಿ, ಕಿರೀಟ ಹಾರ ತೋಳಬಂದಿಗಳಲ್ಲಿ ಪಚ್ಚೆಯ ಹರಳಿನ ಸ್ಥಾನದಲ್ಲಿ ಅಂಟಿಸಿದನು. ರಸಮಂಜರಿಯ ಮೊದಲ ಮಾಲೆಯಲ್ಲಿಯೂ ದೇವೀಮಾಲೆಯಲ್ಲಿಯೂ ಈ ತುಂಡುಗಳು ಇಂದಿಗೂ ಹೊಳೆಯುತ್ತಿವೆ. ಈ ಹಸಿರು ಅರೆದು ಮಾಡಿದ ಬಣ್ಣದ ಪುಡಿಯಲ್ಲ. ರೆಕ್ಕೆಯೊಳಗಿನ ಅತಿಸೂಕ್ಷ್ಮ ಪದರಗಳಿಂದ ಬೆಳಕು ಪ್ರತಿಫಲಿಸುವಾಗ ಹುಟ್ಟುವ ಕಾಂತಿ. ಆದಕಾರಣ ಅದು ಬಿಸಿಲಿಗೆ ಮಾಸುವುದಿಲ್ಲ. ನೋಡುವ ಕೋನ ಬದಲಾದರೆ ಹಸಿರು ನೀಲಿಯತ್ತ ಹೊರಳುತ್ತದೆ. ಮೈಸೂರು ಸಂಪ್ರದಾಯದ ಚಿತ್ರಕಾರರು ಆಭರಣದ ಭಾಗವನ್ನು ಲೇಪದಿಂದ ಉಬ್ಬಿಸಿ ಚಿನ್ನದ ರೇಕನ್ನು ಅಂಟಿಸುವುದನ್ನು ಬಲ್ಲವರಿಗೆ ಈ ಯುಕ್ತಿಯ ಆಶಯ ಒಡನೆ ಹೊಳೆಯುತ್ತದೆ. ಒಂದರ ಪ್ರಭಾವ ಇನ್ನೊಂದರ ಮೇಲೆ ಆಯಿತೆಂದು ನಾವು ಹೇಳುತ್ತಿಲ್ಲ. ಒಡವೆಯನ್ನು ಬರೆದು ತೋರಿಸುವುದಕ್ಕಿಂತ ಒಡವೆಯಂತೆಯೇ ಹೊಳೆಯುವ ವಸ್ತುವೊಂದನ್ನು ಚಿತ್ರದಲ್ಲಿ ಇಡುವುದು ಲೇಸೆಂಬ ನಿರ್ಧಾರ ಎರಡು ಕಡೆಯೂ ಒಂದೇ ಎಂಬುದಷ್ಟೇ ನಮ್ಮ ಮಾತಿನ ತಾತ್ಪರ್ಯ.

4

ಇನ್ನು ಈ ದ್ರವ್ಯಗಳು ಚಿತ್ರದಲ್ಲಿ ಮಾಡುವ ಕೆಲಸವನ್ನು ನೋಡೋಣ. ರಸಮಂಜರಿಯ ಹಾಳೆಗಳು ಅಡ್ಡಲಾಗಿ ಉದ್ದವಾಗಿರುವುವು. ಕೈಯಲ್ಲಿ ಹಿಡಿದು ನೋಡತಕ್ಕ ಗಾತ್ರದವು. ಹಾಳೆಯ ಬೆನ್ನಿನ ಮೇಲೆ ಸಂಸ್ಕೃತ ಶ್ಲೋಕವಿರುತ್ತದೆ. ಮುಂಭಾಗದ ಅಂಚಿನಲ್ಲಿ ಕೆಲವು ವೇಳೆ ಟಾಕ್ರಿ ಲಿಪಿಯ ಸಣ್ಣ ಟಿಪ್ಪಣಿಯಿರುತ್ತದೆ. ಚಿತ್ರದಲ್ಲಿ ಸಾಮಾನ್ಯವಾಗಿ ಒಂದು ಮಗ್ಗುಲಲ್ಲಿ ಮಂಟಪ, ಅದರೊಳಗೊಬ್ಬ ನಾಯಿಕೆ, ಹೊರಗೆ ಸಖಿ ಅಥವಾ ನಾಯಕ, ಒಂದೆರಡು ಮರ. ಮೇಲ್ತುದಿಯಲ್ಲಿ ಬಿಳಿ ನೀಲಿಗಳ ಒಂದು ಕಿರಿದಾದ ಪಟ್ಟಿಯಾಗಿ ಆಕಾಶ. ಮಿಕ್ಕದ್ದೆಲ್ಲ ಬರಿಯ ನೆಲ. ನೆಲದ ಬಣ್ಣ ಹಳದಿಯಾದಾಗ ಚಿತ್ರದ ಬಹುಭಾಗವೇ ಹಳದಿಯಾಗಿಬಿಡುತ್ತದೆ.

ಈ ನೆಲದಲ್ಲಿ ದೂರವೆಂಬುದಿಲ್ಲ. ಮೊಗಲರ ಚಿತ್ರಗಳಲ್ಲಿ ಬೆಟ್ಟ, ಅದರ ಹಿಂದೆ ಮಂಜು, ಅದರ ಹಿಂದೆ ಊರು ಎಂದು ಕಣ್ಣು ಒಳಕ್ಕೆ ಸಾಗಿಹೋಗುವ ದಾರಿಯನ್ನು ಬಸೋಹ್ಲಿಯ ಹಳದಿ ಮುಚ್ಚಿಬಿಟ್ಟಿದೆ. ನೆಲ ಗೋಡೆಯಂತೆ ನೆಟ್ಟಗೆ ನಿಂತು, ಆಕೃತಿಗಳನ್ನು ನೋಡುವವನ ಮುಂದಕ್ಕೆ ತಳ್ಳುತ್ತದೆ. ಸೊಗಸಾದ ಬಣ್ಣಗಳಲ್ಲೆಲ್ಲ ಹಳದಿಯೇ ಅತ್ಯಂತ ಬೆಳಕುಳ್ಳದ್ದೆಂಬುದು ಅನುಭವಸಿದ್ಧ. ಹಗಲಿನ ಬೆಳಕಿನಲ್ಲಿ ಮನುಷ್ಯನ ಕಣ್ಣು ಅತ್ಯಂತ ಸೂಕ್ಷ್ಮವಾಗಿ ಗ್ರಹಿಸುವುದು 555 ನ್ಯಾನೋಮೀಟರಿನ ಸುತ್ತಮುತ್ತಲ ಹಳದಿ ಮಿಶ್ರಿತ ಹಸಿರು ಬೆಳಕನ್ನೆಂದು ಭೌತಶಾಸ್ತ್ರಜ್ಞರು ತಿಳಿಸುತ್ತಾರೆ. ಅಂದಮೇಲೆ ಹಳದಿಯ ನೆಲವನ್ನು ಆರಿಸಿದ ಚಿತ್ರಕಾರನು ಬಿಳಿಯ ಕಾಗದದ ಬೆಳಕನ್ನು ಹೆಚ್ಚು ಕಳೆದುಕೊಳ್ಳದೆ, ಅದರ ಬರಿದುತನವನ್ನು ಮಾತ್ರ ಕಳೆದುಕೊಂಡನು. ನಾಯಿಕೆಯ ಮುಖಭಾವ, ಬೆರಳಿನ ಭಂಗಿ, ಕಣ್ಣಿನ ಕೊನೆ ಇವುಗಳನ್ನೇ ಆಶ್ರಯಿಸಿ ಶ್ಲೋಕದ ಅರ್ಥವನ್ನು ತಿಳಿಯಬೇಕಾದ ಚಿತ್ರಕ್ಕೆ ಇದಕ್ಕಿಂತ ಅನುಕೂಲವಾದ ಹಿನ್ನೆಲೆ ದುರ್ಲಭ.

ಹಸಿರು ಇದಕ್ಕೆ ವಿರುದ್ಧವಾದ ಕೆಲಸವನ್ನು ಮಾಡುತ್ತದೆ. ಹಳದಿಗೂ ಹಸಿರಿಗೂ ಬಣ್ಣದ ವರ್ಗದಲ್ಲಿ ನೆರೆಹೊರೆಯ ಸಂಬಂಧ. ಕೆಂಪಿನ ಪಕ್ಕದಲ್ಲಿ ಹಸಿರನ್ನಿಟ್ಟಾಗ ಅಂಚು ಅದುರುವಂತೆ ಹಳದಿಯ ಪಕ್ಕದಲ್ಲಿ ಅದುರುವುದಿಲ್ಲ. ಆದರೆ ಕಡು ಹಸಿರು ಹಳದಿಗಿಂತ ಬಹಳ ಕತ್ತಲೆಯುಳ್ಳದ್ದು. ಹೀಗೆ ಜಾತಿಯಲ್ಲಿ ಹತ್ತಿರ, ಕಾಂತಿಯಲ್ಲಿ ದೂರ ಎಂಬ ಈ ಎರಡು ಗುಣಗಳಿಂದ ಹಳದಿಯ ಮೇಲೆ ಕುಳಿತ ಹಸಿರು ಮರ ಸ್ಫುಟವಾಗಿ ಕಾಣುತ್ತದೆ, ಆದರೆ ಜಗಳವಾಡುವುದಿಲ್ಲ. ಬಸೋಹ್ಲಿಯ ಮರಗಳು ದುಂಡಗೆ, ಚಪ್ಪಟೆಯಾಗಿ, ಕಡು ಹಸಿರಿನ ಮೇಲೆ ತಿಳಿ ಹಸಿರಿನ ಎಲೆಗಳನ್ನು ಒಂದೊಂದಾಗಿ ಜೋಡಿಸಿದಂತೆ ಇರುವುವು. ಮಂಟಪದ ಭಾರವನ್ನು ಒಂದು ಕಡೆ ತೂಗಿದರೆ, ಹರಡಿಹೋಗಬಹುದಾದ ಹಳದಿಯನ್ನು ಇನ್ನೊಂದು ಕಡೆ ಈ ಮರಗಳು ತಡೆದು ನಿಲ್ಲಿಸುತ್ತವೆ. ಕಣ್ಣಿಗೆ ವಿಶ್ರಾಂತಿಯ ಸ್ಥಾನವೂ ಅದೇ.

ಜೀರುಂಡೆಯ ರೆಕ್ಕೆಯ ಹಸಿರಿನ ಪ್ರಮಾಣವಾದರೋ ಅತ್ಯಲ್ಪ. ಅದು ಹಾಳೆಯಲ್ಲಿ ಕೆಲವು ಚುಕ್ಕೆಗಳಷ್ಟೆ. ಆದರೆ ಆ ಚುಕ್ಕೆಗಳು ನಾಯಿಕೆಯ ಕೊರಳಿನಲ್ಲಿಯೂ ದೇವಿಯ ಕಿರೀಟದಲ್ಲಿಯೂ ಇರುವುದರಿಂದ, ಹಾಳೆಯನ್ನು ಕೈಯಲ್ಲಿ ಸ್ವಲ್ಪ ಓರೆಮಾಡಿದೊಡನೆ ಮಿಂಚಿ ನೋಟವನ್ನು ವ್ಯಕ್ತಿಯ ಕಡೆಗೇ ಎಳೆಯುತ್ತವೆ. ಅವುಗಳ ಪಕ್ಕದಲ್ಲಿ ಮುತ್ತುಗಳನ್ನು ದಪ್ಪ ಬಿಳಿಯ ಹನಿಗಳಾಗಿ ಉಬ್ಬಿಸಿ ಇಟ್ಟಿರುತ್ತಾರೆ. ಹಳದಿ ಹರಡುತ್ತದೆ, ಮರದ ಹಸಿರು ತಡೆಯುತ್ತದೆ, ರೆಕ್ಕೆಯ ಹಸಿರು ಕರೆಯುತ್ತದೆ, ಅಂಚಿನ ಕೆಂಪು ಎಲ್ಲವನ್ನೂ ಕಟ್ಟುತ್ತದೆ. ಇಷ್ಟು ಲೆಕ್ಕಾಚಾರವುಳ್ಳ ವ್ಯವಸ್ಥೆಯನ್ನು ಒರಟೆಂದು ಕರೆಯಲು ನಮಗೆ ಮನಸ್ಸೊಪ್ಪುವುದಿಲ್ಲ.

5

ಸಂಕೇತವಾದಿಗಳ ಪಕ್ಷವನ್ನು ಈಗ ಪರಿಶೀಲಿಸಬಹುದು. ಹಳದಿಯು ವಸಂತದ, ಬಿಸಿಲಿನ, ಪ್ರಣಯದ ಬೇಗೆಯ ಸಂಕೇತವೆಂದು ಶ್ರೀ ರಾಂಧಾವಾ ಮೊದಲಾದವರು ವಿವರಿಸಿರುವರು. ಅದು ಕೃಷ್ಣನ ಪೀತಾಂಬರದ ನೆನಪೆಂದು ಹೇಳುವವರೂ ಉಂಟು. ಈ ಮಾತುಗಳಲ್ಲಿ ಕಾವ್ಯಮಯವಾದ ಆಕರ್ಷಣೆಯಿದೆ. ಆದರೆ ಪ್ರಮಾಣಗಳನ್ನು ಕೇಳಿದಾಗ ಮೂರು ತೊಡಕುಗಳು ಎದುರಾಗುತ್ತವೆ.

ಮೊದಲನೆಯದು ಶಾಸ್ತ್ರದ ತೊಡಕು. ರಸಗಳಿಗೆ ಬಣ್ಣಗಳನ್ನು ಹೇಳಿದ ಮೂಲಗ್ರಂಥ ನಾಟ್ಯಶಾಸ್ತ್ರವೇ. ಅದರ ಪ್ರಕಾರ ಶೃಂಗಾರದ ಬಣ್ಣ ಶ್ಯಾಮ. ಪೀತವರ್ಣವು ಅದ್ಭುತರಸಕ್ಕೆ ಸೇರಿದ್ದು. ರಸಮಂಜರಿಯು ಆದ್ಯಂತವಾಗಿ ಶೃಂಗಾರಗ್ರಂಥ. ಚಿತ್ರಕಾರನು ಶಾಸ್ತ್ರೋಕ್ತವಾದ ಸಂಕೇತವನ್ನು ಅನುಸರಿಸುತ್ತಿದ್ದನೆಂದರೆ ಈ ನೆಲ ಹಳದಿಯಾಗುವುದಕ್ಕೆ ಕಾರಣವೇ ಇಲ್ಲ. ಆತ ಶಾಸ್ತ್ರವನ್ನು ಬಿಟ್ಟು ಜನರಲ್ಲಿ ರೂಢವಾದ ಸಂಕೇತವನ್ನು ಹಿಡಿದನೆನ್ನಬಹುದು. ಹಾಗಾದರೆ ಆ ರೂಢಿಗೆ ಬಸೋಹ್ಲಿಯದೇ ಆದ ಲಿಖಿತ ಪ್ರಮಾಣವನ್ನು ತೋರಿಸುವ ಹೊಣೆ ಹಾಗೆ ಹೇಳುವವರದು.

ಎರಡನೆಯದು ಚಿತ್ರಗಳಲ್ಲಿಯೇ ಇರುವ ತೊಡಕು. ಬಸೋಹ್ಲಿಯ ನೆಲ ಯಾವಾಗಲೂ ಹಳದಿಯಲ್ಲ. ಕಂದು, ಕಡು ಹಸಿರು, ಇಟ್ಟಿಗೆಯ ಕೆಂಪು ಇವೂ ಬರುತ್ತವೆ. ನಾಯಿಕೆ ಸಂತುಷ್ಟಳಾದಾಗ ಒಂದು ಬಣ್ಣ, ವಿರಹಿಣಿಯಾದಾಗ ಇನ್ನೊಂದು ಬಣ್ಣ ಎಂಬ ನಿಯಮವನ್ನು ಈ ಹಾಳೆಗಳಿಂದ ಕಟ್ಟುವುದು ಸಾಧ್ಯವಿಲ್ಲ. ಪ್ರಣಯದ ಸಂಬಂಧವೇ ಇಲ್ಲದ ದೇವೀಮಾಲೆಯಲ್ಲಿಯೂ ಇಂಥದೇ ಕಾಂತಿಯುಕ್ತವಾದ ಸಮತಲದ ನೆಲಗಳಿವೆ. ಒಂದೇ ಚಿಹ್ನೆ ಎಲ್ಲ ಅರ್ಥಗಳಿಗೂ ಒದಗುವುದಾದರೆ ಅದನ್ನು ಚಿಹ್ನೆಯೆಂದು ಕರೆಯುವುದರಿಂದ ಪ್ರಯೋಜನವೇನು?

ಮೂರನೆಯದು ಪೀತಾಂಬರದ ವಾದಕ್ಕೆ ಸಂಬಂಧಪಟ್ಟದ್ದು. ರಸಮಂಜರಿಯ ಮೊದಲ ಮಾಲೆಯಲ್ಲಿ ನಾಯಕನು ಕೃಷ್ಣನಾಗಿ ಚಿತ್ರಿತನಾಗಿದ್ದಾನೆ. ಆದರೆ ದೇವೀದಾಸನ ಮಾಲೆಯಲ್ಲಿ ಕೃಷ್ಣನಿಲ್ಲ. ಅಲ್ಲಿ ನಾಯಕನು ಸಾಮಾನ್ಯ ರಾಜಪುರುಷ. ಕೃಷ್ಣನು ಹೊರಟುಹೋದಮೇಲೂ ಬಿಚ್ಚುಬಣ್ಣದ ಸಮತಲದ ನೆಲಗಳು ಉಳಿದುವು. ಆದಕಾರಣ ಬಣ್ಣದ ಕ್ರಮವು ದೇವರನ್ನು ಅವಲಂಬಿಸಿರಲಿಲ್ಲ, ಚಿತ್ರರಚನೆಯನ್ನು ಅವಲಂಬಿಸಿತ್ತೆಂದು ತಿಳಿಯುವುದೇ ಯುಕ್ತ. ಹಳದಿಯನ್ನು ಕಂಡ ರಸಿಕನಿಗೆ ವಸಂತದ ನೆನಪು ಬರಲೇಬಾರದೆಂದು ನಾವು ಹೇಳುವುದಿಲ್ಲ. ನೆನಪು ಬರುವುದು ಬೇರೆ, ಆ ನೆನಪಿಗಾಗಿಯೇ ಬಣ್ಣವನ್ನು ಬಳಿದರೆಂಬುದು ಬೇರೆ.

6

ಮೊದಲ ಪಕ್ಷದವರ, ಅಂದರೆ ಬಸೋಹ್ಲಿಯನ್ನು ಕಾಂಗ್ರಾಕ್ಕೆ ಮೆಟ್ಟಿಲೆಂದು ಭಾವಿಸುವವರ ವಾದ ಇನ್ನೂ ಬಲವಾಗಿ ಬೇರೂರಿದೆ. 1739ರಲ್ಲಿ ನಾದಿರ್ ಷಹನು ದೆಹಲಿಯನ್ನು ಸೂರೆಮಾಡಿದ ಮೇಲೆ ಮೊಗಲ್ ಚಿತ್ರಕಾರರು ಗುಡ್ಡಗಾಡಿಗೆ ವಲಸೆ ಬಂದರು, ಅವರಿಂದ ಪಹಾಡಿ ಕಲೆ ನಯವಾಯಿತು, ಕಣ್ಣು ಕುಕ್ಕುವ ಬಣ್ಣಗಳು ಮೃದುವಾದುವು ಎಂಬುದು ಬಹುಕಾಲ ಪಾಠಹೇಳಿದ ಕಥೆ. ಇದರಲ್ಲಿ ಬಣ್ಣದ ತೀಕ್ಷ್ಣತೆಯನ್ನೇ ಪ್ರಾಚೀನತೆಯ ಅಳತೆಗೋಲಾಗಿ ಹಿಡಿದಿರುವುದು ಸ್ಪಷ್ಟ.

ಈ ಕಥೆಯನ್ನು ಅಲುಗಿಸಿದ ಕೀರ್ತಿ ಪ್ರೊ. ಬಿ. ಎನ್. ಗೋಸ್ವಾಮಿಯವರದು. ಹರಿದ್ವಾರ ಮೊದಲಾದ ತೀರ್ಥಕ್ಷೇತ್ರಗಳ ಪಂಡರು ಇಟ್ಟಿರುವ ಯಾತ್ರಿಕರ ವಂಶಾವಳಿಯ ಬಹಿಗಳನ್ನು ಶೋಧಿಸಿ, ಚಿತ್ರಕಾರರ ಮನೆತನಗಳನ್ನು ಗುರುತಿಸಿ, ಶೈಲಿಗೆ ಆಧಾರ ಸಂಸ್ಥಾನವಲ್ಲ, ಕುಟುಂಬ ಎಂಬ ಸಿದ್ಧಾಂತವನ್ನು ಅವರು 1968ರಲ್ಲಿ 'ಮಾರ್ಗ್' ಪತ್ರಿಕೆಯ ಲೇಖನದಲ್ಲಿ ಮುಂದಿಟ್ಟರು. ಗುಲೇರಿನ ಪಂಡಿತ ಸೇವುವಿಗೆ ಮಾಣಕು, ನೈನ್‌ಸುಖ ಎಂಬ ಇಬ್ಬರು ಮಕ್ಕಳು. ಮಾಣಕುವಿನ ಹೆಸರು ಬರುವ 1730ರ ಗೀತಗೋವಿಂದ ಚಿತ್ರಮಾಲೆಯಲ್ಲಿ ನೆಲ ಒಂದೇ ಬಣ್ಣದ್ದಾಗಿ, ತೀಕ್ಷ್ಣವಾಗಿ, ಸಮತಲವಾಗಿ ಇರುವುದನ್ನು ಕಂಡು ಹಿಂದಿನ ವಿದ್ವಾಂಸರು ಅದನ್ನು ಬಸೋಹ್ಲಿಯದೆಂದೇ ನಂಬಿದ್ದರು. ಮಾಣಕು ಎಂಬುದು ಚಿತ್ರಕಾರನ ಹೆಸರೋ ಆಶ್ರಯದಾತೆಯೊಬ್ಬಳ ಹೆಸರೋ ಎಂಬ ಚರ್ಚೆಯೂ ನಡೆದಿತ್ತು. ತಮ್ಮನಾದ ನೈನ್‌ಸುಖನಾದರೋ ಜಸ್ರೋಟಾದ ಬಲವಂತಸಿಂಗನ ಆಶ್ರಯದಲ್ಲಿ ತಿಳಿಯಾದ, ಬಹುಮಟ್ಟಿಗೆ ಬರಿದಾದ ನೆಲಗಳ ಮೇಲೆ ಸೂಕ್ಷ್ಮವಾದ ರೇಖೆಯಿಂದ ಚಿತ್ರಗಳನ್ನು ಬರೆದನು.

ಈ ಸಂಗತಿಯ ಪರಿಣಾಮವನ್ನು ಚೆನ್ನಾಗಿ ಮನಗಾಣಬೇಕು. ಒಂದೇ ಮನೆಯಲ್ಲಿ, ಒಬ್ಬನೇ ತಂದೆಯಿಂದ ಕಲಿತ ಅಣ್ಣತಮ್ಮಂದಿರಲ್ಲಿ ಒಬ್ಬನು ಉಜ್ಜ್ವಲವರ್ಣವನ್ನೂ ಇನ್ನೊಬ್ಬನು ಮೃದುವರ್ಣವನ್ನೂ ಹಿಡಿದನು. ಅಂದಮೇಲೆ ಹಳದಿ ಹಸಿರುಗಳ ತೀಕ್ಷ್ಣತೆಯು ಚರಿತ್ರೆಯ ಒಂದು ಮೆಟ್ಟಿಲಲ್ಲ. ಚಿತ್ರಕಾರನು ತನ್ನ ವಿಷಯಕ್ಕೂ ಆಶ್ರಯದಾತನಿಗೂ ತಕ್ಕಂತೆ ಮಾಡಿಕೊಂಡ ಆಯ್ಕೆ. ಬರಿಯ ಬಣ್ಣವನ್ನೇ ನೋಡಿ ಒಂದು ಹಾಳೆಯನ್ನು ಹಳೆಯದೆಂದೋ ಹೊಸದೆಂದೋ, ಬಸೋಹ್ಲಿಯದೆಂದೋ ಗುಲೇರಿನದೆಂದೋ ನಿಶ್ಚಯಿಸಿದ ಎಲ್ಲ ನಿರ್ಣಯಗಳೂ ಇದರಿಂದ ಶಿಥಿಲವಾಗುತ್ತವೆ.

7

ಇಂಥ ಪ್ರಮಾದಗಳಿಗೆ ಅವಕಾಶವಾದುದು ಏಕೆ? ಒಂದು ಮುಖ್ಯ ಕಾರಣ ನಮ್ಮ ಅಧ್ಯಯನದ ಉಪಕರಣದಲ್ಲಿಯೇ ಇದೆ. ಕಲೆಯ ಚರಿತ್ರೆಯನ್ನು ಹಲವು ತಲೆಮಾರುಗಳ ವಿದ್ಯಾರ್ಥಿಗಳು ಕಪ್ಪು ಬಿಳುಪಿನ ಮುದ್ರಿತ ಫಲಕಗಳಿಂದ ಕಲಿತರು. ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದ ಹಳೆಯ ಛಾಯಾಗ್ರಹಣದ ಗಾಜುಗಳಲ್ಲಿ ಹಳದಿ ಕಪ್ಪಾಗಿ ಬೀಳುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಗಾಜುಗಳು ಬಂದಮೇಲೆ ಅದೇ ಹಳದಿ ಕಾಗದದ ಬಿಳುಪಿನಲ್ಲಿ ಕರಗಿಹೋಗುವಷ್ಟು ತಿಳಿಯಾಯಿತು. ಒಂದರಲ್ಲಿ ಚಿತ್ರ ಕತ್ತಲೆಯ ಗವಿಯಂತೆ ಕಂಡರೆ, ಇನ್ನೊಂದರಲ್ಲಿ ನೆಲವೇ ಇಲ್ಲದ ಬರಿಯ ರೇಖಾಚಿತ್ರದಂತೆ ಕಾಣುತ್ತದೆ. ರೇಖೆಯನ್ನೇ ಆಧಾರಮಾಡಿಕೊಂಡ ಕಾಂಗ್ರಾದ ಚಿತ್ರಕ್ಕೆ ಇದರಿಂದ ಆಗುವ ನಷ್ಟ ಸ್ವಲ್ಪ. ಬಣ್ಣವನ್ನೇ ತೊಲೆಕಂಬಗಳಾಗಿ ಹೂಡಿಕೊಂಡ ಬಸೋಹ್ಲಿಯ ಚಿತ್ರಕ್ಕಾದರೋ ಕಟ್ಟಡವೇ ಕುಸಿದುಬಿದ್ದಂತೆ. ಕಾಂಗ್ರಾವನ್ನು ಮೇಲಕ್ಕೂ ಬಸೋಹ್ಲಿಯನ್ನು ಕೆಳಕ್ಕೂ ಇಟ್ಟ ತಾರತಮ್ಯದಲ್ಲಿ ಈ ಫಲಕಗಳ ಪಾತ್ರವೂ ಇದೆಯೆಂಬುದು ನಮ್ಮ ಬಲವಾದ ಅಭಿಪ್ರಾಯ.

ಬಣ್ಣದ ಮುದ್ರಣ ಬಂದಮೇಲೂ ಕಷ್ಟ ಪೂರ್ತಿ ಪರಿಹಾರವಾಗಿಲ್ಲ. ನಾಲ್ಕು ಮಸಿಗಳ ಮುದ್ರಣದಲ್ಲಿ ಅರಿದಾಳದ ಕಾವು ಒಂದೊಂದು ಪುಸ್ತಕದಲ್ಲಿ ಒಂದೊಂದು ತೆರನಾಗುತ್ತದೆ. ಜೀರುಂಡೆಯ ರೆಕ್ಕೆಯಂತೂ ಮುದ್ರಣಕ್ಕೆ ಸಿಕ್ಕುವುದೇ ಇಲ್ಲ. ಕಾಗದದ ಮೇಲೆ ಅದು ಒಂದು ಕಪ್ಪು ಹಸಿರಿನ ಕಲೆ ಮಾತ್ರ. ಗಣಕಯಂತ್ರದ ಪರದೆಯ ಮೇಲಿನ ಪ್ರತಿಬಿಂಬಕ್ಕೂ ಈ ಮಿತಿ ತಪ್ಪಿದ್ದಲ್ಲ; ಏಕೆಂದರೆ ಅಲ್ಲಿ ಹಾಳೆಯನ್ನು ಓರೆಮಾಡಿ ನೋಡುವಂತಿಲ್ಲ. ಮೇಲಾಗಿ, ಇಂದು ನಾವು ಕಾಣುವ ಬಣ್ಣವು ಅಂದಿನದೇ ಎಂದು ಭಾವಿಸುವುದೂ ಸಾಹಸ. ಅರಿದಾಳ ಬೆಳಕಿಗೆ ಮಾಸಬಲ್ಲುದು. ತಾಮ್ರದ ಹಸಿರು ಕಂದಬಲ್ಲುದು. ಬಟ್ಟೆಯಲ್ಲಿ ಸುತ್ತಿಟ್ಟು ಅಪರೂಪಕ್ಕೆ ಬಿಚ್ಚಿ ನೋಡುತ್ತಿದ್ದುದರಿಂದಲೇ ಈ ಹಾಳೆಗಳು ಇಷ್ಟು ಕಾಂತಿಯನ್ನು ಉಳಿಸಿಕೊಂಡಿವೆ.

ಚಿತ್ರಗಳ ಚದುರುವಿಕೆಯೂ ಅಧ್ಯಯನಕ್ಕೆ ಅಡ್ಡಿಯಾಗಿದೆ. ರಸಮಂಜರಿಯ ಹಾಳೆಗಳು ಜಮ್ಮುವಿನಲ್ಲಿಯೂ ಬಾಸ್ಟನ್, ಲಂಡನ್, ನ್ಯೂಯಾರ್ಕ್ ನಗರಗಳಲ್ಲಿಯೂ ಹಂಚಿಹೋಗಿವೆ. 1947ರ ದೇಶವಿಭಜನೆಯಾದಾಗ ಲಾಹೋರಿನ ಸಂಗ್ರಹವೂ ವಿಭಜಿತವಾಯಿತು. ಭಾರತದ ಪಾಲಿಗೆ ಬಂದ ಭಾಗಕ್ಕೆ 1968ರಲ್ಲಿ ಚಂಡೀಗಢದ ವಸ್ತುಸಂಗ್ರಹಾಲಯ ನೆಲೆಯಾಯಿತು. ಒಂದೇ ಮಾಲೆಯ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೆಲದ ಬಣ್ಣ ಹಾಳೆಯಿಂದ ಹಾಳೆಗೆ ಹೇಗೆ ಬದಲಾಗುತ್ತದೆಂಬುದನ್ನು ನೋಡುವ ಭಾಗ್ಯ ಸಾಮಾನ್ಯ ಅಭ್ಯಾಸಿಗೆ ಇಲ್ಲ. ರಸಮಂಜರಿಯನ್ನು ಮಾಲೆಯಾಗಿ ನೋಡುತ್ತಿದ್ದವರಿಗೆ ಒಂದು ಹಾಳೆಯ ಹಳದಿಯ ನಂತರ ಬರುವ ಕಂದು ಅಥವಾ ಹಸಿರು ಹೊಸ ಪ್ರಕರಣದಂತೆ ತೋರಿದ್ದಿರಬೇಕು. ಬಿಡಿಬಿಡಿ ಹಾಳೆಗಳನ್ನು ಗೋಡೆಯ ಮೇಲೆ ತೂಗುಹಾಕಿ ನೋಡುವ ನಮಗೆ ಆ ಅನುಭವ ಲುಪ್ತವಾಗಿದೆ.

8

ಮೇಲಿನ ಚರ್ಚೆಯಿಂದ ಕೆಲವು ಕರ್ತವ್ಯಗಳು ಸೂಚಿತವಾಗುತ್ತವೆ. ಇತಿಹಾಸದ ತರಗತಿಗಳಲ್ಲಿ ಚಿತ್ರಕಲೆಯ ಪಾಠ ಹೇಳುವಾಗ ಶೈಲಿಗಳ ಹೆಸರು, ಆಶ್ರಯದಾತರ ಹೆಸರು, ಇಸವಿ ಇಷ್ಟನ್ನು ಉರುಹಚ್ಚಿಸಿ ಬಿಟ್ಟರೆ ಸಾಲದು. ಒಂದಾದರೂ ಮೂಲಚಿತ್ರದ ಮುಂದೆ ವಿದ್ಯಾರ್ಥಿಯನ್ನು ನಿಲ್ಲಿಸಿ, ನೆಲ ಹಾಳೆಯ ಎಷ್ಟು ಪಾಲನ್ನು ಆಕ್ರಮಿಸಿದೆ, ಹಸಿರು ಎಲ್ಲಿದೆ, ಅದು ಬೆರಸಿದ ಹಸಿರೋ ಅಂಟಿಸಿದ ಹಸಿರೋ, ಅಂಚಿನ ಬಣ್ಣ ಯಾವುದು ಎಂದು ಬರೆಯಿಸಬೇಕು. ಶಾಸನದ ಪಡಿಯಚ್ಚನ್ನು ಓದಲು ಕಲಿಸುವ ಶಿಸ್ತು ಇಲ್ಲಿಯೂ ಬೇಕು. ವಸ್ತುಸಂಗ್ರಹಾಲಯಗಳು ತಮ್ಮ ಪಟ್ಟಿಗಳಲ್ಲಿ ದ್ರವ್ಯವನ್ನೂ ನೆಲದ ಬಣ್ಣವನ್ನೂ ತಪ್ಪದೆ ನಮೂದಿಸಿದರೆ, ಚದುರಿದ ಹಾಳೆಗಳನ್ನು ಕಾಗದದ ಮೇಲಾದರೂ ಒಟ್ಟುಗೂಡಿಸಲು ಸಾಧ್ಯವಾದೀತು.

ಇಂದು ಬಸೋಹ್ಲಿ ಚಿತ್ರಕಲೆಗೆ ಹೊಸದಾಗಿ ಮನ್ನಣೆ ಬಂದಿದೆ; 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ರಕ್ಷಣೆಯೂ ದೊರೆಯಿತು. ಇದು ಸಂತೋಷದ ವಿಷಯ. ಇದರಿಂದ ಸ್ಫೂರ್ತಿಗೊಂಡು ಸೀರೆ, ಗೋಡೆ, ಪುಸ್ತಕದ ಹೊದಿಕೆ ಇವುಗಳಿಗೆ ಉಜ್ಜ್ವಲವಾದ ಹಳದಿ ಹಸಿರುಗಳನ್ನು ಬಳಸುವ ವಿನ್ಯಾಸಕಾರರಿಗೆ ನಾವು ಹೇಳಬಹುದಾದದ್ದು ಒಂದೇ ಮಾತು. ಎರಡು ಬಣ್ಣಗಳನ್ನು ಸಮಸಮವಾಗಿ ಹಂಚಿದರೆ ಬಸೋಹ್ಲಿಯಾಗುವುದಿಲ್ಲ. ಅಲ್ಲಿ ಒಂದು ಬಣ್ಣ ನೆಲವಾಗಿದೆ, ಇನ್ನೊಂದು ಆ ನೆಲದ ಮೇಲಿನ ನಿಲುಗಡೆಯಾಗಿದೆ. ಎರಡನ್ನೂ ಹಿಡಿದಿಡಲು ಕೆಂಪಿನ ಕಟ್ಟೊಂದಿದೆ. ಈ ತಾರತಮ್ಯ ತಪ್ಪಿದರೆ ಉಳಿಯುವುದು ಅಬ್ಬರ ಮಾತ್ರ. ಆಗ ಬಸೋಹ್ಲಿಯನ್ನು ಒರಟೆಂದು ಕರೆದವರ ಮಾತು ಅದರ ಅನುಕರಣದಿಂದಲೇ ನಿಜವಾದಂತಾಗುತ್ತದೆ.

ವ್ಯಾಪಾರಿಗಳು ಒಮ್ಮೆ 'ತಿಬೇಟಿ' ಎಂದು ಕರೆದು ಹೊರಗಿಟ್ಟ ಬಣ್ಣಗಳನ್ನು ಪಂಡಿತರು 'ಆದಿಮ'ವೆಂದು ಕರೆದು ಕೆಳಗಿಟ್ಟರು. ಬಳಿಕ ರಸಿಕರು 'ಸಂಕೇತ'ವೆಂದು ಕರೆದು ಮೇಲಕ್ಕೇರಿಸಿದರು. ಮೂರು ಸಲವೂ ಹೆಸರು ಬದಲಾಯಿತೇ ಹೊರತು ನೋಟ ಬದಲಾಗಲಿಲ್ಲ. ಹೆಸರಿಡುವುದಕ್ಕೆ ಮೊದಲು ಹಾಳೆಯನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಮೆಲ್ಲನೆ ಓರೆಮಾಡಿ ನೋಡುವ ತಾಳ್ಮೆಯನ್ನು ನಮ್ಮ ವಿದ್ಯಾರ್ಥಿಗಳು ಕಲಿತರೆ, ಕೃಪಾಲ್ ಪಾಲನ ಆಸ್ಥಾನದ ಚಿತ್ರಕಾರರಿಗೆ ಸಲ್ಲಬೇಕಾದ ನ್ಯಾಯ ಸಲ್ಲುವ ದಿನ ದೂರವಿರಲಾರದು.